ಕೆಟ್ಟ ದೃಶ್ಯ ಕಣ್ಮುಂದೆ ಬಂದರೂ ಎದೆ ಬಡಿದುಕೊಳ್ಳುತ್ತಿಲ್ಲ. ಮಿದುಳಿನಲ್ಲಿ ಏನಾಗುತ್ತಿದೆ?

ತಿಳಿನೀರು

ನನ್ನದು ಮೊದಲಿನಿಂದಲೂ ಆತಂಕದ ಸ್ವಭಾವ. ಮನೆಯವರು ಬರುವುದು ತಡವಾದರೆ ಸಾಕು, ಉರುಳಿಬಿದ್ದ ಗಾಡಿ, ಸುತ್ತ ನೆರೆದ ಜನ, ನೆಲದ ಮೇಲೆ ಬಿದ್ದ ಚಪ್ಪಲಿ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತಿತ್ತು. ಆ ಕ್ಷಣವೇ ಎದೆ ಢವಢವ, ಅಂಗೈ ಬೆವರು, ಹೊಟ್ಟೆಯಲ್ಲಿ ಸಂಕಟ. ಇದು ಬರೀ ಕಲ್ಪನೆ ಎಂದು ಬುದ್ಧಿಗೆ ಗೊತ್ತಿದ್ದರೂ ಮೈ ಕೇಳುತ್ತಿರಲಿಲ್ಲ.

ಈಚೆಗೆ ಖಿನ್ನತೆಯೂ ಸೇರಿಕೊಂಡಿದೆ, ಚಿಕಿತ್ಸೆ ನಡೆಯುತ್ತಿದೆ. ಈಗಲೂ ಅದೇ ದೃಶ್ಯ ಬರುತ್ತದೆ. ಆದರೆ ಎದೆ ಬಡಿದುಕೊಳ್ಳುವುದಿಲ್ಲ, ಅಳುವೂ ಬರುವುದಿಲ್ಲ. ಮಂಕಾಗಿ ಬಂದು ಕೂರುತ್ತದೆ, ಎದ್ದು ಹೋಗುವುದೇ ಇಲ್ಲ. ಸಂಕಟ ಮಾತ್ರ ಮೊದಲಿಗಿಂತ ಹೆಚ್ಚು. ನನ್ನವರ ಮೇಲಿನ ಪ್ರೀತಿಯೇ ಬತ್ತಿಹೋಯಿತೇನೋ ಎಂದು ಹೆದರಿಕೆಯಾಗುತ್ತಿದೆ. ಆತಂಕ ಮತ್ತು ಖಿನ್ನತೆ ಇಂಥ ದೃಶ್ಯಗಳಿಗೆ ಮಿದುಳು ಸ್ಪಂದಿಸುವ ರೀತಿಯನ್ನೇ ಬದಲಿಸುತ್ತವೆಯೇ? ತಿಳಿದವರು ದಯವಿಟ್ಟು ಹೇಳಿ.

ಕಡಲಹಕ್ಕಿ

ತಿಳಿನೀರು ಅವರೇ, ಪ್ರೀತಿ ಬತ್ತಿಲ್ಲ. ಬತ್ತಿದ್ದರೆ ಅದು ಹೋಯಿತೇ ಎಂದು ನೀವು ಇಷ್ಟು ಕಳವಳಪಡುತ್ತಿರಲಿಲ್ಲ. ನಾನು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವಳು, ವೈದ್ಯೆ ಅಲ್ಲ. ಆದರೆ ನೀವು ಬರೆದ ಅನುಭವಕ್ಕೆ ಬಹಳ ಹತ್ತಿರದ ಪ್ರಯೋಗಗಳು ಆಗಿವೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಕಲ್ಪಿಸಿಕೊಳ್ಳುವುದಕ್ಕೆಂದೇ ಮಿದುಳಿನಲ್ಲಿ ಬೇರೆ ಅಂಗ ಇಲ್ಲ. ಕಣ್ಣಿನಿಂದ ನೋಡುವಾಗ ದುಡಿಯುವ ಭಾಗಗಳಲ್ಲಿ ಹೆಚ್ಚಿನವು ಕಣ್ಣುಮುಚ್ಚಿ ನೆನೆಸಿಕೊಂಡಾಗಲೂ ದುಡಿಯುತ್ತವೆ. ನೋಡುವಾಗ ಸುದ್ದಿ ಕಣ್ಣಿನಿಂದ ಒಳಗೆ ಹೋಗುತ್ತದೆ. ಕಲ್ಪಿಸುವಾಗ ಹಿಪೊಕ್ಯಾಂಪಸ್ ಎಂಬ ನೆನಪಿನ ಭಾಗ ಹಳೆಯ ನೆನಪಿನ ತುಣುಕುಗಳನ್ನು ಜೋಡಿಸಿಕೊಡುತ್ತದೆ, ಒಳಗಿನಿಂದಲೇ ದೃಶ್ಯ ಎದ್ದು ಬರುತ್ತದೆ. 1996ರಲ್ಲಿ ಸ್ಟೀಫನ್ ಕಾಸ್ಲಿನ್ ಮತ್ತು ಸಂಗಡಿಗರು ಮಿದುಳಿನ ಯಾವ ಭಾಗ ದುಡಿಯುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ನೋಡಿದಾಗ, ಸಾಧಾರಣ ಚಿತ್ರಕ್ಕಿಂತ ಮನಸ್ಸಿಗೆ ಹಿಂಸೆಯಾಗುವ ಚಿತ್ರವನ್ನು ನೆನೆಸಿಕೊಂಡಾಗ ತಲೆಯ ಹಿಂಬದಿಯ ದೃಷ್ಟಿ ಭಾಗದಲ್ಲಿ ಚಟುವಟಿಕೆ ಹೆಚ್ಚಿತ್ತು. ಮೈಯೊಳಗಿನ ಸ್ಥಿತಿಯನ್ನು ಗಮನಿಸುವ ಇನ್ಸುಲಾದಲ್ಲೂ ಹಾಗೆಯೇ.

ಮಾತಿಗಿಂತ ಚಿತ್ರಕ್ಕೆ ಭಾವನೆ ಬೇಗ ಏಳುತ್ತದೆ ಎಂಬುದಕ್ಕೂ ಆಧಾರವಿದೆ. ಎಮಿಲಿ ಹೋಮ್ಸ್ ಮತ್ತು ಆಂಡ್ರ್ಯೂ ಮ್ಯಾಥ್ಯೂಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಲ್ಲರಿಗೂ ಒಂದೇ ಬಗೆಯ ಅಹಿತಕರ ಘಟನೆಗಳ ವಿವರಣೆ ಕೇಳಿಸಿದರು. ಕೆಲವರಿಗೆ ಅದನ್ನು ಕಣ್ಮುಂದೆ ತಂದುಕೊಳ್ಳಲು ಹೇಳಿದರು, ಉಳಿದವರಿಗೆ ಮಾತಿನ ಅರ್ಥದ ಮೇಲೆ ಗಮನ ಇಡಲು ಹೇಳಿದರು. ಕಣ್ಮುಂದೆ ತಂದುಕೊಂಡವರ ಆತಂಕವೇ ಹೆಚ್ಚು ಏರಿತು. ನಿಮ್ಮ ಬುದ್ಧಿ 'ಇದು ಕಲ್ಪನೆ' ಎಂದರೂ ಮೈ ಕೇಳದಿದ್ದುದು ಇದಕ್ಕೇ. ಭಯದ ದೃಶ್ಯದೊಳಗೆ ಕಂಡದ್ದು ಮಾತ್ರ ಇರುವುದಿಲ್ಲ. ಓಡು, ಬಿಗಿದುಕೊ, ಉಸಿರು ಹಿಡಿ ಎಂದು ಮೈಗೆ ಕೊಡುವ ಆದೇಶವೂ ಅದರ ಜೊತೆಗೇ ದಾಖಲಾಗಿರುತ್ತದೆ ಎಂದು ಪೀಟರ್ ಲ್ಯಾಂಗ್ 1979ರಲ್ಲೇ ವಾದಿಸಿದ್ದರು.

ಇನ್ನು ನಿಮ್ಮ ಪ್ರಶ್ನೆ. ಲ್ಯಾಂಗ್ ಮತ್ತು ಲೀಸಾ ಮೆಕ್‌ಟೀಗ್ ಅವರ ತಂಡ ಆತಂಕದ ಬೇರೆ ಬೇರೆ ತೊಂದರೆ ಇರುವವರನ್ನು ಕೂರಿಸಿ ಭಯದ ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳಲು ಹೇಳಿತು. ಆ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಜೋರು ಸದ್ದು. ಸದ್ದಿಗೆ ಯಾರೇ ಆದರೂ ರೆಪ್ಪೆ ಹೊಡೆಯುತ್ತಾರೆ. ಕಣ್ಣಿನ ಕೆಳಗೆ ಅಂಟಿಸಿದ ಎಲೆಕ್ಟ್ರೋಡು ಆ ಸ್ನಾಯು ಎಷ್ಟು ಬಲವಾಗಿ ಬಿಗಿಯಿತು ಎಂದು ಅಳೆಯುತ್ತದೆ. ಮನಸ್ಸು ಆಗಲೇ ಭಯದ ದೃಶ್ಯದಲ್ಲಿದ್ದರೆ ಬೆಚ್ಚುವುದು ಜೋರಾಗುತ್ತದೆ. ಬಾಯಲ್ಲಿ ಹೇಳಿದ ಮಾತನ್ನು ನೆಚ್ಚದೆ ಮೈಯನ್ನೇ ಕೇಳುವ ವಿಧಾನ ಇದು.

ಒಂದೇ ವಸ್ತುವಿನ ಭಯ ಇದ್ದವರು, ಉದಾಹರಣೆಗೆ ಹಾವಿನ ಭಯದವರು, ಬಹಳ ಬಲವಾಗಿ ಬೆಚ್ಚಿದರು. ಹಲವಾರು ವಿಷಯಗಳಿಗೆ ಹರಡಿಕೊಂಡ ಆತಂಕ ಇದ್ದವರಲ್ಲಿ ಪ್ರತಿಕ್ರಿಯೆ ಕಡಿಮೆ. ಆಘಾತದ ನಂತರದ ತೊಂದರೆ ಇದ್ದವರಲ್ಲೂ ಒಂದೇ ಆಘಾತ ಕಂಡವರ ಮೈ ಜೋರಾಗಿ ಬೆಚ್ಚಿತು, ಮತ್ತೆ ಮತ್ತೆ ಆಘಾತಕ್ಕೆ ಸಿಕ್ಕವರದು ಮೊಂಡಾಗಿತ್ತು. ಖಿನ್ನತೆ ಜೊತೆಗೂಡಿದಷ್ಟೂ ಪ್ರತಿಕ್ರಿಯೆ ಇಳಿಯುತ್ತಾ ಹೋಯಿತು. ಆದರೆ ಯಾರ ಮೈ ಅತಿ ಕಡಿಮೆ ಬೆಚ್ಚಿತೋ ಅವರೇ ಅತಿ ಹೆಚ್ಚು ಸಂಕಟ ಹೇಳಿಕೊಂಡವರು. ಮೈ ಸುಮ್ಮನಿದೆ ಎಂದ ಮಾತ್ರಕ್ಕೆ ನೋವು ಕಡಿಮೆ ಎಂದು ಅರ್ಥವಲ್ಲ. ನಿಮ್ಮ ವಿಷಯದಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ತಿಳಿನೀರು

ಓದಿ ಕಣ್ಣು ತುಂಬಿತು. 'ಈಗ ಶಾಂತವಾಗಿದ್ದೀಯ, ಪರವಾಗಿಲ್ಲ' ಎಂದು ಎಲ್ಲರೂ ಹೇಳುತ್ತಿದ್ದಾರೆ. ಶಾಂತಿ ಅಲ್ಲ ಇದು ಎಂದು ಹೇಗೆ ವಿವರಿಸುವುದೆಂದೇ ತಿಳಿಯುತ್ತಿರಲಿಲ್ಲ.

ಹಳೇಓದುಗ

ಕಡಲಹಕ್ಕಿಯವರಿಗೆ ಒಂದು ಪ್ರಶ್ನೆ. ಖಿನ್ನತೆಯಲ್ಲಿ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಅತಿಯಾಗಿ ಕೆಲಸ ಮಾಡುತ್ತದೆ ಎಂದು ಎಷ್ಟೋ ಕಡೆ ಓದಿದ್ದೇನೆ. ನೀವು ನೋಡಿದರೆ ಪ್ರತಿಕ್ರಿಯೆ ಇಳಿಯುತ್ತದೆ ಅನ್ನುತ್ತೀರಿ. ಎರಡೂ ಹೇಗೆ ಸರಿ?

ಕಡಲಹಕ್ಕಿ

ಸರ್, ಈ ಕ್ಷೇತ್ರದಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿರುವುದು ಇಲ್ಲಿಯೇ. ಅಳೆಯುವ ಹೊತ್ತು ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ.

ಪ್ರಚೋದನೆ ಸಿಕ್ಕ ಕೂಡಲೇ ಏಳುವ ಪ್ರತಿಕ್ರಿಯೆ ಒಂದು. ಖಿನ್ನತೆಯಲ್ಲಿ ಇದು ಹಿತವಾದದ್ದಕ್ಕೂ ಅಹಿತವಾದದ್ದಕ್ಕೂ ಎರಡಕ್ಕೂ ಕುಂದಿರುತ್ತದೆ ಎಂದು ಜೊನಾಥನ್ ರೋಟನ್‌ಬರ್ಗ್ ಮತ್ತು ಸಂಗಡಿಗರು ಹೇಳುತ್ತಾರೆ. 2008ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲಿತಾಂಶ ಆ ಕಡೆಗೇ ವಾಲಿತ್ತು. ತಲೆಗೆ ಎಲೆಕ್ಟ್ರೋಡು ಹಾಕಿ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಈಈಜಿಯಲ್ಲಿ, ಭಾವನೆ ಕಲಕುವ ಚಿತ್ರ ಕಂಡು ಅರ್ಧ ಸೆಕೆಂಡಿಗೂ ಮೊದಲೇ ಶುರುವಾಗಿ ಕೆಲ ಹೊತ್ತು ನಿಲ್ಲುವ ಒಂದು ಧನಾತ್ಮಕ (ಪಾಸಿಟಿವ್) ಅಲೆ ಇದೆ. ಕಲ್ಪಿಸಿಕೊಂಡ ಕೆಟ್ಟ ದೃಶ್ಯಕ್ಕೂ ಈ ಅಲೆ ಏಳುತ್ತದೆ. ಆತಂಕ ಹೆಚ್ಚಿದ್ದವರಲ್ಲಿ ಅದು ದೊಡ್ಡದಾಗಿಯೂ ಖಿನ್ನತೆ ಹೆಚ್ಚಿದ್ದವರಲ್ಲಿ ಚಿಕ್ಕದಾಗಿಯೂ ಕಂಡ ಅಧ್ಯಯನಗಳಿವೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಒಬ್ಬರಲ್ಲೇ ಎರಡೂ ತೊಂದರೆ ಇದ್ದಾಗ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆಯುತ್ತಿರುತ್ತವೆ. ಇಂಥವರೇ ಬಹಳ ಮಂದಿ.

ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಇನ್ನೊಂದು. ಗ್ರೆಗ್ ಸೀಗಲ್ ಮತ್ತು ಸಂಗಡಿಗರ 2002ರ ಅಧ್ಯಯನದಲ್ಲಿ ಖಿನ್ನತೆ ಇದ್ದವರಿಗೂ ಇಲ್ಲದವರಿಗೂ ಮನಸ್ಸಿಗೆ ನಾಟುವ ಪದಗಳನ್ನು ತೋರಿಸಿ, ಕೂಡಲೇ ಬೇರೆ ಕೆಲಸ ಕೊಟ್ಟರು. ಖಿನ್ನತೆ ಇಲ್ಲದವರ ಅಮಿಗ್ಡಲಾ ಬೇಗ ತಣ್ಣಗಾಯಿತು. ಖಿನ್ನತೆ ಇದ್ದವರಲ್ಲಿ, ನೋವಿನ ಪದ ನೋಡಿದ ಮೇಲೆ ಬೇರೆ ಕೆಲಸಕ್ಕೆ ಕೈ ಹಾಕಿದರೂ ಅಮಿಗ್ಡಲಾದ ಚಟುವಟಿಕೆ ಇಳಿಯದೆ ಮುಂದುವರಿಯಿತು. ಅದು ಪದಗಳ ಪ್ರಯೋಗ, ಕಲ್ಪನೆಯದ್ದಲ್ಲ. ಆದರೂ ತಿಳಿನೀರು ಅವರ 'ಮಂಕಾಗಿ ಬರುತ್ತದೆ, ಹೋಗುವುದೇ ಇಲ್ಲ' ಎಂಬ ಮಾತು ಓದಿದಾಗ ನನಗೆ ಅದೇ ನೆನಪಾಯಿತು.

ಒದ್ದೆ ಸೌದೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ, ಹೊಗೆ ಮಾತ್ರ ಎಷ್ಟು ಹೊತ್ತಾದರೂ ಆಡುತ್ತಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಖಿನ್ನತೆಯ ಚಿತ್ರ ಬಹುಮಟ್ಟಿಗೆ ಹಾಗೇ ಇದೆ.

ಹಳೇಓದುಗ

ಚೆನ್ನಾಗಿ ತಿಳಿಯಿತು. ಹಾಗಾದರೆ ಒಬ್ಬರ ಮಿದುಳಿನ ಸ್ಕ್ಯಾನ್ ತೆಗೆಸಿ ಇದು ಆತಂಕ, ಇದು ಖಿನ್ನತೆ ಎಂದು ಹೇಳಬಹುದೇ?

ಕಡಲಹಕ್ಕಿ

ಇಲ್ಲ. ಇವೆಲ್ಲ ಹತ್ತಾರು, ನೂರಾರು ಜನರ ಸರಾಸರಿ. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಖಿನ್ನತೆ ಗುರುತಿಸುವ ಪರೀಕ್ಷೆ ಇಲ್ಲ. ಈಗಲೂ ವೈದ್ಯರು ಮಾತಾಡಿಸಿ, ಲಕ್ಷಣ ಕೇಳಿಯೇ ನಿರ್ಧರಿಸುವುದು. ಯಾರಾದರೂ ಸ್ಕ್ಯಾನ್‌ನಿಂದ ಹೇಳುತ್ತೇವೆಂದು ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಸಂಜೆಗಾಳಿ

ನನ್ನದು ಸ್ವಲ್ಪ ಬೇರೆ. ಹಲವರ ಎದುರು ಮಾತಾಡಬೇಕಾದಾಗ ನನಗೆ ಬರುವ ದೃಶ್ಯದಲ್ಲಿ ಎದುರಿಗೆ ಕೂತವರು ಕಾಣುವುದಿಲ್ಲ, ನಾನೇ ಕಾಣುತ್ತೇನೆ. ಕೆಂಪೇರಿದ ಮುಖ, ನಡುಗುವ ಕೈ, ತೊದಲು ಮಾತು. ಯಾರೋ ಮೂಲೆಯಲ್ಲಿ ನಿಂತು ನನ್ನನ್ನು ನೋಡುತ್ತಿರುವ ಹಾಗೆ. ಇದು ಎಲ್ಲರಿಗೂ ಹೀಗೆಯೇ?

ಅರಳಿಕಟ್ಟೆ

ಸಂಜೆಗಾಳಿ ಅವರೇ, ನಾನು ಕೌನ್ಸೆಲಿಂಗ್ ಕೆಲಸದಲ್ಲಿ ಇರುವವಳು. ಜನರ ನಡುವೆ ಆತಂಕಪಡುವವರಲ್ಲಿ ಇದು ಬಹಳ ಸಾಮಾನ್ಯ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದನ್ನೇ ಆ ತೊಂದರೆಯ ನಡುಮಧ್ಯದಲ್ಲಿಟ್ಟು ವಿವರಿಸಿದರು. ಒಳಗೆ ಆಗುವ ನಡುಕ, ಬಿಸಿ ಇತ್ಯಾದಿಯನ್ನೇ ಇಟ್ಟುಕೊಂಡು ಮನಸ್ಸು ಹೊರಗಿನವರಿಗೆ ನಾನು ಹೀಗೆ ಕಾಣುತ್ತಿರಬೇಕು ಎಂಬ ಚಿತ್ರ ಬರೆದುಬಿಡುತ್ತದೆ. ಆ ಚಿತ್ರವೇ ಸತ್ಯ ಅನ್ನಿಸುತ್ತದೆ. ಎಷ್ಟೋ ಜನರಲ್ಲಿ ಅದರ ಬೇರು ಹಳೆಯ ಯಾವುದೋ ಅವಮಾನದಲ್ಲಿರುತ್ತದೆ. ಥೆರಪಿಯಲ್ಲಿ ಮಾತಾಡುವುದನ್ನು ವಿಡಿಯೋ ಮಾಡಿ, ಮನಸ್ಸಿನ ಚಿತ್ರದ ಪಕ್ಕ ಇಟ್ಟು ನೋಡಿಸುವ ಕ್ರಮ ಇದೆ. ಒಳಗೆ ಅಷ್ಟೆಲ್ಲ ನಡುಗಿದರೂ ಹೊರಗೆ ಕಾಣುವುದು ಬಹಳ ಸ್ವಲ್ಪ ಎಂದು ಕಣ್ಣಾರೆ ಕಂಡಾಗ ಮುಖದಲ್ಲಾಗುವ ಬದಲಾವಣೆ ನೋಡಲು ನನಗೆ ಈಗಲೂ ಸಂತೋಷ.

ದಾರಿಹೋಕ

ನನಗೆ ದೃಶ್ಯವೇ ಬರುವುದಿಲ್ಲ, ಬರೀ ಮಾತು. 'ಕೆಲಸ ಹೋದರೆ? ಕಾಯಿಲೆ ಬಂದರೆ? ಆಮೇಲೆ ಏನು?' ರಾತ್ರಿಯಿಡೀ ಇದೇ. ಹಾಗಾದರೆ ನನ್ನದು ಆತಂಕವೇ ಅಲ್ಲವೇ?

ಕಡಲಹಕ್ಕಿ

ಅದೂ ಆತಂಕವೇ. ಚಿಂತೆ ಹೆಚ್ಚಾಗಿ ಮಾತಿನ ರೂಪದಲ್ಲೇ ನಡೆಯುತ್ತದೆ ಎಂದು ತೋರಿಸಿದವರು ಥಾಮಸ್ ಬೊರ್ಕೋವೆಕ್. ಮನಸ್ಸು ಮಾತಿಗೆ ಜಿಗಿಯುವುದು ಚಿತ್ರದಿಂದ ತಪ್ಪಿಸಿಕೊಳ್ಳಲು ಎಂಬುದು ಅವರ ವಾದ. ಚಿತ್ರ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಮಾತಿನಲ್ಲೇ ಸುತ್ತುತ್ತಿದ್ದರೆ ಮೈಗೆ ಅಷ್ಟು ತಾಗುವುದಿಲ್ಲ. ಆ ಕ್ಷಣಕ್ಕೆ ಹಗುರ. ಆದರೆ ಆ ಭಯವನ್ನು ಪೂರ್ತಿ ಎದುರಿಸಿ ದಾಟುವ ಅವಕಾಶವೂ ತಪ್ಪುತ್ತದೆ, ಹಾಗಾಗಿ ಚಿಂತೆ ಮುಗಿಯುವುದೇ ಇಲ್ಲ. ಮೊದಲು ಹೇಳಿದ ಪ್ರಯೋಗದಲ್ಲಿ ಹರಡಿಕೊಂಡ ಆತಂಕದವರ ಮೈ ಕಡಿಮೆ ಬೆಚ್ಚಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಮಿಂಚುಹುಳ

ಹುಟ್ಟಿನಿಂದಲೂ ಕಣ್ಣುಮುಚ್ಚಿದರೆ ಕತ್ತಲೆಯೇ ಕಾಣುವ ಜನರೂ ಇದ್ದೇವೆ. 2015ರಲ್ಲಿ ನರತಜ್ಞ ಆಡಮ್ ಝೀಮನ್ ಮತ್ತು ಸಂಗಡಿಗರು ಇದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ನಾನು ಅಂಥವನು. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಚರ್ಚೆಗೆ ಹೊಂದುತ್ತದೆ. ಕತ್ತಲೆ ಕೋಣೆಯಲ್ಲಿ ಹೆದರಿಸುವ ಕತೆಗಳನ್ನು ಓದಿಸಿದಾಗ ಬೇರೆಯವರ ಚರ್ಮದಲ್ಲಿ ಬೆವರಿನ ಮಟ್ಟ ಏರಿತು, ನಮ್ಮಂಥವರದು ಹೆಚ್ಚುಕಡಿಮೆ ಸಪಾಟಾಗಿತ್ತು. ಆದರೆ ಭಯಾನಕ ಫೋಟೋಗಳನ್ನೇ ತೋರಿಸಿದಾಗ ನಾವೂ ಬೆವರಿದೆವು. ಅಂದರೆ ಭಯಪಡುವ ಶಕ್ತಿ ಪೂರ್ತಿ ಇದೆ, ಮಾತಿನಿಂದ ಮೈಗೆ ದಾಟಿಸುವ ಚಿತ್ರ ಇಲ್ಲ, ಅಷ್ಟೇ. ಹಾಗೆಂದು ನಮಗೆ ಆತಂಕ, ಖಿನ್ನತೆ ಬರುವುದಿಲ್ಲ ಎಂದುಕೊಳ್ಳಬೇಡಿ. ನನಗೆ ಬಂದಿತ್ತು, ಮಾತಿನ ದಾರಿಯಲ್ಲಿ, ಮೈಭಾರದ ದಾರಿಯಲ್ಲಿ.

ನೆರಳುಬೆಳಕು

ನನ್ನ ಯಜಮಾನರಿಗೆ ಖಿನ್ನತೆ. 'ಒಳ್ಳೆಯದನ್ನು ನೆನೆಸಿಕೊಳ್ಳಿ, ಮುಂದೆ ಎಲ್ಲ ಸರಿಹೋಗುತ್ತದೆ' ಎಂದು ಧೈರ್ಯ ಹೇಳುತ್ತೇನೆ. 'ನನಗೆ ಮುಂದೆ ಏನೂ ಕಾಣುವುದಿಲ್ಲ' ಅನ್ನುತ್ತಾರೆ. ಹಟ ಮಾಡುತ್ತಿದ್ದಾರೆ ಎಂದೇ ಅಂದುಕೊಳ್ಳುವ ಹಾಗಾಗುತ್ತದೆ.

ಅರಳಿಕಟ್ಟೆ

ಅಕ್ಕಾ, ಅವರು ಹೇಳುತ್ತಿರುವುದು ಅಕ್ಷರಶಃ ನಿಜ ಇರಬಹುದು. ಕೆಟ್ಟ ದೃಶ್ಯಗಳ ಬಗ್ಗೆಯೇ ಇಷ್ಟು ಮಾತಾಡಿದೆವು. ಖಿನ್ನತೆಯಲ್ಲಿ ಒಳ್ಳೆಯ ದೃಶ್ಯ ಮಸುಕಾಗುವುದೂ ಅಷ್ಟೇ ದೊಡ್ಡ ಪೆಟ್ಟು. ಮುಂದೆ ನಡೆಯಬಹುದಾದ ಒಳ್ಳೆಯ ಘಟನೆಗಳನ್ನು ಕಲ್ಪಿಸಿಕೊಳ್ಳಿ ಎಂದಾಗ ಖಿನ್ನತೆ ಇದ್ದವರಿಗೆ ಚಿತ್ರ ಸ್ಪಷ್ಟವಾಗಿ ಮೂಡುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆತಂಕದಲ್ಲಿ ಕೆಟ್ಟ ಭವಿಷ್ಯ ಅತಿ ಸ್ಪಷ್ಟ, ಖಿನ್ನತೆಯಲ್ಲಿ ಒಳ್ಳೆಯ ಭವಿಷ್ಯ ಅತಿ ಮಸುಕು.

ನೆನಪುಗಳೂ ಹಾಗೆಯೇ. ಮಾರ್ಕ್ ವಿಲಿಯಮ್ಸ್ 1986ರಲ್ಲಿ ಮೊದಲು ಗಮನಿಸಿದ್ದು ಇದು: ಖುಷಿಯಾದ ಒಂದು ಘಟನೆ ಹೇಳಿ ಎಂದರೆ ತೀವ್ರ ಬೇಗುದಿಯಲ್ಲಿ ಇದ್ದವರು 'ಮಕ್ಕಳ ಜೊತೆ ಇದ್ದಾಗ' ಎಂಬಂಥ ಸಾರಾಸಗಟು ಉತ್ತರ ಕೊಡುತ್ತಾರೆ. ಯಾವ ದಿನ, ಎಲ್ಲಿ, ಯಾರು ಏನಂದರು ಎಂಬ ನಿರ್ದಿಷ್ಟ ಘಟನೆ ಹೊರಬರುವುದಿಲ್ಲ. ಹಿಂದಿನ ತುಣುಕುಗಳೇ ಸಿಗದಿದ್ದರೆ ಮುಂದಿನ ಚಿತ್ರ ಕಟ್ಟುವುದು ಯಾವುದರಿಂದ?

ಹಾಗಾಗಿ 'ಎಲ್ಲ ಸರಿಹೋಗುತ್ತದೆ' ಎಂಬ ಮಾತು ಅವರಿಗೆ ಹಿಡಿಯಲು ಏನೂ ಕೊಡುವುದಿಲ್ಲ. ಚಿಕ್ಕದು, ನಿರ್ದಿಷ್ಟವಾದದ್ದು ಕೊಡಿ. ಸಂಜೆ ಹತ್ತು ನಿಮಿಷ ಜೊತೆಗೆ ನಡೆಯೋಣ, ಯಾವ ಚಪ್ಪಲಿ ಹಾಕಿಕೊಳ್ಳುತ್ತೀರಿ, ಯಾವ ಕಡೆಗೆ ಹೋಗೋಣ, ಹೀಗೆ. ಮಾಡಬೇಕಾದ ಕೆಲಸವನ್ನು ಮೊದಲೇ ವಿವರವಾಗಿ ಕಣ್ಮುಂದೆ ತಂದುಕೊಂಡರೆ ಅದನ್ನು ನಿಜವಾಗಿ ಮಾಡುವ ಮನಸ್ಸು ಹೆಚ್ಚುತ್ತದೆ ಎಂದು 2019ರಲ್ಲಿ ಫ್ರಿಟ್ಸ್ ರೆನ್ನರ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಹಿತವಾದ ದೃಶ್ಯ ಕಲ್ಪಿಸಿಕೊಂಡಾಗ ಖುಷಿ, ಆಸೆಗಳಿಗೆ ಸ್ಪಂದಿಸುವ ಮಿದುಳಿನ 'ಬಹುಮಾನದ ಜಾಲ' ಎಚ್ಚರಗೊಳ್ಳುವುದೂ ಸ್ಕ್ಯಾನ್‌ಗಳಲ್ಲಿ ಕಂಡಿದೆ.

ತಿಳಿನೀರು

ನಾನು ಮಾತ್ರೆ ಕೂಡ ತೆಗೆದುಕೊಳ್ಳುತ್ತಿದ್ದೇನೆ. ಈ ಮಂಕು ಮಾತ್ರೆಯದ್ದೂ ಇರಬಹುದೇ? ನಿಲ್ಲಿಸಿ ನೋಡಲೇ? ಇನ್ನೊಂದು, ದೃಶ್ಯ ಬಂದಾಗ ಬೇಡ ಬೇಡ ಎಂದು ತಳ್ಳುತ್ತೇನೆ, ಇನ್ನೂ ಹೆಚ್ಚುತ್ತದೆ.

ಅರಳಿಕಟ್ಟೆ

ತಾವಾಗಿ ನಿಲ್ಲಿಸಬೇಡಿ. ಕೆಲವು ಬಗೆಯ ಖಿನ್ನತೆಯ ಮಾತ್ರೆಗಳಿಂದ ಭಾವನೆ ಮಂದವಾದ ಹಾಗಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ, ವೈದ್ಯರಿಗೂ ಗೊತ್ತಿರುವ ವಿಷಯವೇ. ಆದರೆ ಖಿನ್ನತೆಯೂ ಅದನ್ನೇ ಮಾಡುತ್ತದೆ. ಯಾವುದರಿಂದ ಎಂದು ತಿಳಿಯಲು ಮಂಕು ಮಾತ್ರೆಗೆ ಮೊದಲೇ ಇತ್ತೇ, ಶುರು ಮಾಡಿದ ಮೇಲೆ ಬಂತೇ, ಪ್ರಮಾಣ ಹೆಚ್ಚಿಸಿದಾಗ ಜಾಸ್ತಿಯಾಯಿತೇ ಎಂಬುದನ್ನು ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸುವುದು, ಮಾತ್ರೆ ಬದಲಿಸುವುದು ಅವರ ಕೈಯಲ್ಲಿದೆ. ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರೆಗೇಡು, ಮತ್ತೆ ಆತಂಕ, ಹೀಗೆ ಬೇರೆಯೇ ತೊಂದರೆ ಶುರುವಾಗಬಹುದು.

ತಳ್ಳುವ ವಿಷಯ: 1987ರಲ್ಲಿ ಡೇನಿಯಲ್ ವೆಗ್ನರ್ ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ ಎಂದು ಹೇಳಿ ನಡೆಸಿದ ಪ್ರಯೋಗ ಪ್ರಸಿದ್ಧ. ಬೇಡ ಎಂದದ್ದೇ ಮತ್ತೆ ಮತ್ತೆ ಬಂತು. ಆದ್ದರಿಂದ ತಳ್ಳುವ ಬದಲು ಬಂದ ದೃಶ್ಯವನ್ನು 'ಬಂತು' ಎಂದು ಗುರುತಿಸಿ, ಕಣ್ಣು ಮತ್ತು ಕೈ ಎರಡೂ ಬೇಕಾಗುವ ಕೆಲಸಕ್ಕೆ ಹೋಗಿ. ಬಣ್ಣದ ತುಂಡುಗಳನ್ನು ಹೊಂದಿಸುವ ಆಟ, ಹೆಣಿಗೆ, ರಂಗೋಲಿ ಯಾವುದಾದರೂ ಆದೀತು. ದೃಶ್ಯ ಹಿಡಿದಿಟ್ಟುಕೊಳ್ಳುವ ಮನಸ್ಸಿನ ಜಾಗ ಚಿಕ್ಕದು, ಈ ಕೆಲಸಗಳೂ ಅದೇ ಜಾಗ ಕೇಳುತ್ತವೆ. ಆಘಾತದ ದೃಶ್ಯಗಳನ್ನು ತೋರಿಸಿದ ಮೇಲೆ ಟೆಟ್ರಿಸ್ ಎಂಬ, ತುಂಡು ಹೊಂದಿಸುವ ವಿಡಿಯೋ ಆಟ ಆಡಿದವರಿಗೆ ಆ ದೃಶ್ಯಗಳು ಮುಂದೆ ಕಡಿಮೆ ಮರುಕಳಿಸಿದವು ಎಂದು ಹೋಮ್ಸ್ ತಂಡ 2009ರಲ್ಲಿ ತೋರಿಸಿದ್ದು ಈ ಲೆಕ್ಕಾಚಾರದ ಮೇಲೆಯೇ.

ಇದಕ್ಕಿಂತ ಆಳದ ಚಿಕಿತ್ಸೆಯೂ ಇದೆ. ಥೆರಪಿಸ್ಟ್ ಜೊತೆ ಕೂತು ಆ ದೃಶ್ಯದೊಳಗೇ ಹೋಗಿ, ಅದು ಮುಂದೆ ಬೇರೆ ರೀತಿ ನಡೆಯುವ ಹಾಗೆ ಮರುಕಟ್ಟುವುದು. ಹಳೆಯ ಆಘಾತ, ದೌರ್ಜನ್ಯದಂಥ ದೃಶ್ಯಗಳನ್ನು ಒಬ್ಬರೇ ಹೀಗೆ ಕೆದಕಬೇಡಿ, ಪಕ್ಕದಲ್ಲಿ ಪಳಗಿದವರು ಇರಲೇಬೇಕು. ಇನ್ನು ಇದನ್ನು ಓದುತ್ತಿರುವ ಯಾರಿಗೇ ಆಗಲಿ, ತಮ್ಮನ್ನು ತಾವೇ ನೋಯಿಸಿಕೊಳ್ಳುವ ದೃಶ್ಯ ಬರುತ್ತಿದ್ದರೆ ಅದನ್ನು ಬರೀ ಯೋಚನೆ ಎಂದು ಬಿಡಬೇಡಿ. ಅವತ್ತೇ ಮನೆಯ ಒಬ್ಬರಿಗೆ ಹೇಳಿ, ಅವತ್ತೇ ವೈದ್ಯರನ್ನು ಕಾಣಿ.

ತಿಳಿನೀರು

ಬಹಳ ಉಪಕಾರವಾಯಿತು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಏನೇನು ಹೇಳಲಿ? 'ಹೇಗಿದ್ದೀರಿ' ಎಂದು ಕೇಳುತ್ತಾರೆ, 'ಪರವಾಗಿಲ್ಲ' ಎಂದು ಬಂದುಬಿಡುತ್ತೇನೆ.

ಕಡಲಹಕ್ಕಿ

ಮನಸ್ಸಿಗೆ ಬರುವ ದೃಶ್ಯಗಳ ಬಗ್ಗೆ ಕೇಳದಿದ್ದರೆ ಹೆಚ್ಚಿನವರು ತಾವಾಗಿ ಹೇಳುವುದೇ ಇಲ್ಲ, ಹಾಗಾಗಿ ನೀವೇ ಶುರು ಮಾಡಿ. ಬರುವುದು ಚಿತ್ರವೋ ಮಾತೋ, ನಿಮ್ಮ ಕಣ್ಣಿನಿಂದ ನೋಡುತ್ತೀರೋ ಹೊರಗಿನಿಂದಲೋ, ಎಷ್ಟು ಹೊತ್ತು ಇರುತ್ತದೆ, ಮೈ ಏನು ಮಾಡುತ್ತದೆ, ಮೊದಲು ಏನು ಮಾಡುತ್ತಿತ್ತು. ಇಲ್ಲಿ ಬರೆದ ನಿಮ್ಮ ಮೊದಲ ಪೋಸ್ಟನ್ನೇ ಓದಿ ಹೇಳಿದರೂ ಸಾಕು. ಎದೆಬಡಿತ ನಿಂತದ್ದನ್ನು ಗುಣವಾದ ಲಕ್ಷಣ ಎಂದು ಅವರು ತಿಳಿದುಕೊಳ್ಳದಂತೆ, ಸಂಕಟ ಹೆಚ್ಚಿದೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

ನೆರಳುಬೆಳಕು

ಅರಳಿಕಟ್ಟೆ ಅವರೇ, ನೀವು ಹೇಳಿದ ಹಾಗೆ ಯಜಮಾನರನ್ನು ನಡಿಗೆಗೆ ಕರೆದೆ. 'ಹೋಗುವುದನ್ನು ಕಲ್ಪಿಸಿಕೊಳ್ಳಿ' ಎಂದರೆ 'ಏನೂ ಬರುತ್ತಿಲ್ಲ' ಎಂದು ಮುಖ ಸಪ್ಪಗೆ ಮಾಡಿಕೊಂಡರು. ಆದರೆ ಎದ್ದು ಬಂದರು.

ಅರಳಿಕಟ್ಟೆ

ಎದ್ದು ಬಂದರಲ್ಲ, ಅದೇ ದೊಡ್ಡದು. ಕಲ್ಪನೆ ಬಂತೇ ಎಂದು ಅವರನ್ನು ಪರೀಕ್ಷೆ ಮಾಡಬೇಡಿ, ಬರದಿದ್ದರೆ ಇನ್ನೊಂದು ಸೋಲು ಅನ್ನಿಸುತ್ತದೆ. ಈಗ ಹೋಗಿ ಬಂದ ನಡಿಗೆಯನ್ನೇ ರಾತ್ರಿ ಸ್ವಲ್ಪ ಮಾತಾಡಿ: ದಾರಿಯಲ್ಲಿ ಏನು ಕಂಡಿತು, ಎಲ್ಲಿ ನಿಂತಿರಿ, ಗಾಳಿ ಹೇಗಿತ್ತು. ನಾಳೆ ಮತ್ತೆ ಕರೆಯುವಾಗ ಆ ತುಣುಕುಗಳು ಅವರ ಬಳಿ ಇರುತ್ತವೆ.